ವಿಳಾಸವಿಲ್ಲದ ಬಾನುಲಿಯ ಉದ್ಘೋಷಕಿ ಉಷಾ ಮೆಹ್ತಾ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಕಾರ್ಯಕ್ರಮ ನಿರೂಪಿಸುವವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಧನ್ಯವಾದ ಸಮರ್ಪಣೆಯ ಹೊತ್ತಿಗೆ ಇನ್ನೊಮ್ಮೆ ಕೇಳಿಬರುತ್ತದೆ. ಮರುದಿನದ ವರದಿಯ ಕೊನೆಯ ಸಾಲಿನಲ್ಲಾದರೂ ಅದಕ್ಕೊಂದು ಜಾಗವಿರುತ್ತದೆ. ಆಕಾಶವಾಣಿಯ ಉದ್ಘೋಷಕರ ಮುಖ ಕಾಣದಿದ್ದರೂ ದನಿ ಕೇಳಿದೊಡನೆ ಇಂಥವರೇ ಎಂದು ಗುರುತಿಸುವ ಅಭಿಮಾನಿಗಳು ಇರುತ್ತಿದ್ದರು. ಆದರೆ 1942ರಲ್ಲಿ ಇದೇ ಮುಂಬಯಿಯಲ್ಲಿ ಒಬ್ಬ ಉದ್ಘೋಷಕಿ ಇದ್ದರು. ತನ್ನ ಹೆಸರನ್ನಾಗಲಿ, ತಾನು ಮಾತನಾಡುತ್ತಿರುವ ಕಟ್ಟಡವನ್ನಾಗಲಿ, ಊರನ್ನಾಗಲಿ ಅವರು ಹೇಳುವಂತಿರಲಿಲ್ಲ. ಇದು ಕಾಂಗ್ರೆಸ್ ರೇಡಿಯೋ, 42.34 ಮೀಟರ್ ತರಂಗಾಂತರದಲ್ಲಿ, ಭಾರತದ ಯಾವುದೋ ಒಂದು ಕಡೆಯಿಂದ ಎಂದಷ್ಟೇ ಸಾರಿ ಸುದ್ದಿಗೆ ಹೋಗಬೇಕಿತ್ತು. ಅವರಿಗೆ ಆಗ 22 ವರ್ಷ. ಹೆಸರು ಉಷಾ ಮೆಹ್ತಾ.

ಉಷಾ ಅವರು ಹುಟ್ಟಿದ್ದು 1920ರ ಮಾರ್ಚ್ 25ರಂದು, ಗುಜರಾತಿನ ಸೂರತ್ ಸಮೀಪದ ಸರಸ್ ಎಂಬ ಹಳ್ಳಿಯಲ್ಲಿ. ತಂದೆ ಹರಿಪ್ರಸಾದ್ ಮೆಹ್ತಾ ಬ್ರಿಟಿಷ್ ಸರಕಾರದಲ್ಲಿ ನ್ಯಾಯಾಧೀಶರಾಗಿದ್ದರು. ಐದು ವರ್ಷದ ಹುಡುಗಿಯಾಗಿದ್ದಾಗ ಅಹ್ಮದಾಬಾದಿನ ಆಶ್ರಮದಲ್ಲಿ ಗಾಂಧೀಜಿಯವರನ್ನು ಮೊದಲ ಬಾರಿ ಕಂಡರು. ಕೆಲಕಾಲದ ನಂತರ ಅವರ ಊರಿನ ಬಳಿಯೇ ಗಾಂಧೀಜಿ ಶಿಬಿರ ನಡೆಸಿದಾಗ ಚರಕದ ನೂಲು ತೆಗೆಯಲು ಕುಳಿತ ಮಕ್ಕಳಲ್ಲಿ ಇವರೂ ಒಬ್ಬರು. 1928ರಲ್ಲಿ ಸೈಮನ್ ಆಯೋಗದ ವಿರುದ್ಧ ಮೆರವಣಿಗೆ ಹೊರಟಾಗ ಎಂಟು ವರ್ಷದ ಉಷಾ ಅದರಲ್ಲಿ ಘೋಷಣೆ ಕೂಗುತ್ತ ನಡೆದರು. ಮುಂದೆ ದೇಶಕ್ಕೆ ಕೇಳಿಸಿದ ದನಿ ಮೊದಲು ಬೀದಿಗೆ ಬಂದದ್ದು ಹೀಗೆ.

ಆ ದಿನಗಳ ಒಂದು ಘಟನೆಯನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಮಕ್ಕಳ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದಾಗ ಧ್ವಜ ಹಿಡಿದಿದ್ದ ಹುಡುಗಿ ಧ್ವಜದೊಂದಿಗೇ ನೆಲಕ್ಕೆ ಬಿದ್ದಳು. ಮಕ್ಕಳು ಸಿಟ್ಟಿನಿಂದ ಮನೆಗೆ ಬಂದು ಹಿರಿಯರಲ್ಲಿ ದೂರಿದರು. ಹಿರಿಯರು ಹೂಡಿದ ಉಪಾಯ ಸೊಗಸಾಗಿತ್ತು. ಮಕ್ಕಳಿಗೆ ಧ್ವಜದ ಮೂರು ಬಣ್ಣಗಳ ಖಾದಿ ಉಡುಪನ್ನೇ ಹೊಲಿಸಿ ಮತ್ತೆ ಬೀದಿಗೆ ಕಳುಹಿಸಿದರು. ಕೈಯಲ್ಲಿರುವ ಧ್ವಜವನ್ನು ಬೀಳಿಸಬಹುದು, ಮೈಮೇಲಿರುವುದನ್ನು ಬೀಳಿಸುವುದು ಹೇಗೆ?

ಮಗಳ ಈ ಉತ್ಸಾಹ ತಂದೆಗೆ ಮೊದಮೊದಲು ಅಷ್ಟಾಗಿ ಹಿಡಿಸಿರಲಿಲ್ಲ. ಸರಕಾರಿ ನೌಕರಿಯಲ್ಲಿದ್ದ ಮನೆಯೊಡೆಯನಿಗೆ ಅಂಜಿಕೆ ಸಹಜವೇ. 1930ರಲ್ಲಿ ಅವರು ನಿವೃತ್ತರಾದ ಮೇಲೆ ಆ ಅಡ್ಡಿ ತಪ್ಪಿತು. 1932ರಲ್ಲಿ ಕುಟುಂಬ ಮುಂಬಯಿಗೆ ಬಂದು ನೆಲೆಸಿತು. ಉಷಾ ಆಗ ಹನ್ನೆರಡರ ಬಾಲಕಿ. ಗುಪ್ತ ಕರಪತ್ರ ಹಂಚುವುದು, ಜೈಲಿನಲ್ಲಿದ್ದವರಿಗೆ ಬಂಧುಗಳ ಸಂದೇಶ ಒಯ್ಯುವುದು ಮೊದಲಾದ ಕೆಲಸಗಳನ್ನು ಶಾಲೆಯ ಓದಿನೊಂದಿಗೇ ಮಾಡುತ್ತಿದ್ದರು. ಚೌಪಾಟಿಯ ಕಡಲಿಗೆ ಮುಖ ಮಾಡಿ ನಿಂತಿರುವ ವಿಲ್ಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ 1939ರಲ್ಲಿ ಪದವಿ ಪಡೆದರು. ಬಳಿಕ ಕಾನೂನು ಓದಲು ಸೇರಿಕೊಂಡರಾದರೂ ಆ ಓದು ಪೂರ್ತಿಯಾಗಲಿಲ್ಲ.

1942ರ ಆಗಸ್ಟ್ 8ರ ರಾತ್ರಿ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಭಾರತ ಬಿಟ್ಟು ತೊಲಗಿ ಠರಾವು ಸ್ವೀಕೃತವಾಯಿತು. ಬೆಳಗಾಗುವಷ್ಟರಲ್ಲಿ ಗಾಂಧೀಜಿ, ನೆಹರೂ, ಪಟೇಲ್, ಆಜಾದ್ ಮುಂತಾಗಿ ಮುಂಚೂಣಿಯ ಮುಖಂಡರೆಲ್ಲ ಬಂಧನದಲ್ಲಿದ್ದರು. ಮುಂದೇನು ಮಾಡಬೇಕೆಂದು ಹೇಳುವವರು ಹೊರಗೆ ಉಳಿಯಲಿಲ್ಲ. ಪತ್ರಿಕೆಗಳ ಮೇಲೆ ನಿರ್ಬಂಧ ಬಿತ್ತು. ಹಲವು ರಾಷ್ಟ್ರೀಯ ಪತ್ರಿಕೆಗಳು ಪ್ರಕಟಣೆಯನ್ನೇ ನಿಲ್ಲಿಸಿದವು. ರೇಡಿಯೋ ಸರಕಾರದ ಕೈಯಲ್ಲಿತ್ತು. ಒಂದು ಊರಿನಲ್ಲಿ ಗುಂಡು ಹಾರಿದರೆ ಪಕ್ಕದ ಜಿಲ್ಲೆಗೂ ನಿಜ ಸುದ್ದಿ ತಲಪುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಕನ್ನಡ ಜಿಲ್ಲೆಗಳೂ ಆಗ ಇದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮೈಲಾರ ಮಹಾದೇವಪ್ಪನವರು ಮರು ವರ್ಷ ಹೊಸರಿತ್ತಿಯಲ್ಲಿ ಪ್ರಾಣ ತೆತ್ತದ್ದು ಇದೇ ಚಳವಳಿಯ ಮುಂದುವರಿಕೆಯಲ್ಲಿ.

ಈ ಮೌನವನ್ನು ಒಡೆಯಬೇಕಾದರೆ ತಮ್ಮದೇ ಬಾನುಲಿ ಬೇಕೆಂದು ಕೆಲವು ಯುವಕರಿಗೆ ಹೊಳೆಯಿತು. ಉಷಾ, ವಿಠ್ಠಲದಾಸ್ ಝವೇರಿ, ಚಂದ್ರಕಾಂತ ಝವೇರಿ, ಬಾಬೂಭಾಯಿ ಖಾಕರ್ ಈ ತಂಡದ ಮುಖ್ಯರು. ಶಿಕಾಗೋ ರೇಡಿಯೋ ಎಂಬ ಪ್ರಸಿದ್ಧ ಧ್ವನಿವರ್ಧಕ ಸಂಸ್ಥೆಯ ನಾನಕ್ ಮೋಟ್ವಾನೆ ಸಲಕರಣೆಗಳನ್ನೂ ತಂತ್ರಜ್ಞರನ್ನೂ ಒದಗಿಸಿದರು. ಕಾಂಗ್ರೆಸ್ ಅಧಿವೇಶನಗಳಿಗೆ ಮೈಕ್ ಹಾಕುತ್ತಿದ್ದವರೇ ಅವರು.

ಏಳು ವರ್ಷ ಹಿಂದೆ, 1935ರಲ್ಲಿ, ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದಿದ್ದರು. ಇಂದು ದೇಶದ ಬಾಯಲ್ಲಿರುವ ಆಕಾಶವಾಣಿ ಎಂಬ ಹೆಸರು ಆ ಮನೆಯ ಕೊಡುಗೆ ಎಂಬುದು ಕನ್ನಡಿಗರಿಗೆ ತಿಳಿದದ್ದೇ. ಅಲ್ಲಿ ರಾಜಾಶ್ರಯವಿತ್ತು, ಸಾಹಿತಿಗಳ ಓಡಾಟವಿತ್ತು, ಊರಿನ ಮೆಚ್ಚುಗೆಯಿತ್ತು. ಮುಂಬಯಿಯ ಈ ಬಾನುಲಿಯದು ಬೇರೆಯೇ ಕತೆ. ಯುದ್ಧ ಶುರುವಾದೊಡನೆ ಹವ್ಯಾಸಿಗಳ ರೇಡಿಯೋ ಪರವಾನಿಗೆಗಳನ್ನು ಸರಕಾರ ರದ್ದುಪಡಿಸಿ ಯಂತ್ರಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿತ್ತು. ಮನೆಯಲ್ಲಿ ಪ್ರಸಾರ ಯಂತ್ರ ಸಿಕ್ಕಿದರೆ ಜೈಲು ಖಂಡಿತ.

1942ರ ಆಗಸ್ಟ್ 27ರಂದು ಚೌಪಾಟಿಯ ಸೀ ವ್ಯೂ ಎಂಬ ಕಟ್ಟಡದಿಂದ ಮೊದಲ ಪ್ರಸಾರ ನಡೆಯಿತು. ಉಷಾ ಅವರು ಓದಿದ ಕಾಲೇಜು ಇದ್ದದ್ದೂ ಇದೇ ಚೌಪಾಟಿಯಲ್ಲಿ. ನಿನ್ನೆಯ ವಿದ್ಯಾರ್ಥಿನಿ ಇಂದು ಬಾಗಿಲು ಭದ್ರಪಡಿಸಿದ ಕೋಣೆಯಲ್ಲಿ ಮೈಕಿನ ಮುಂದೆ ಕುಳಿತಿದ್ದರು.

ಪ್ರಸಾರಕ್ಕೊಂದು ಶಿಸ್ತಿತ್ತು. ಮೊದಲು ಹಿಂದೂಸ್ಥಾನ್ ಹಮಾರಾ ಗೀತೆ. ನಂತರ ಕೇಂದ್ರದ ಹೆಸರು, ತರಂಗಾಂತರ. ಬಳಿಕ ಸುದ್ದಿ, ಭಾಷಣ, ಜನರಿಗೆ ಸೂಚನೆ. ಕೊನೆಯಲ್ಲಿ ವಂದೇ ಮಾತರಂ. ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಕಾರ್ಯಕ್ರಮ. ಆರಂಭದಲ್ಲಿ ದಿನಕ್ಕೆ ಎರಡು ಬಾರಿ ನಡೆಯುತ್ತಿದ್ದ ಪ್ರಸಾರ ಮುಂದೆ ಸಂಜೆಯ ಒಂದು ಹೊತ್ತಿಗೆ ನಿಂತಿತು. ಮೈಕಿನ ಮುಂದೆ ಉಷಾ ಒಬ್ಬರೇ ಇರಲಿಲ್ಲ. ಕೂಮಿ ದಸ್ತೂರ್, ಮೊಯಿನುದ್ದೀನ್ ಹ್ಯಾರಿಸ್ ಅವರ ದನಿಗಳೂ ಕೇಳಿಬರುತ್ತಿದ್ದವು. ಹಿಂದೂ, ಪಾರ್ಸಿ, ಮುಸ್ಲಿಮ್ ಎಂದು ಲೆಕ್ಕ ಹಾಕಿ ಯಾರೂ ಅವರನ್ನು ಆರಿಸಿರಲಿಲ್ಲ. ಮುಂಬಯಿಯಲ್ಲಿ ನಾಲ್ಕು ಜನ ಸೇರಿದರೆ ಹಾಗೆಯೇ ಆಗುತ್ತದೆ.

ಬಾನುಲಿಯ ಸುಳಿವು ಸಿಕ್ಕ ಡಾ. ರಾಮಮನೋಹರ ಲೋಹಿಯಾ ಅವರು ತಂಡವನ್ನು ಹುಡುಕಿಕೊಂಡು ಬಂದು ಅದರ ಬೆನ್ನೆಲುಬಾದರು. ಲೋಹಿಯಾ ಕನ್ನಡಿಗರಿಗೆ ಹೊಸಬರಲ್ಲ. 1951ರಲ್ಲಿ ಕಾಗೋಡು ಸತ್ಯಾಗ್ರಹಕ್ಕೆಂದು ಸಾಗರಕ್ಕೆ ಬಂದು ಬಂಧನಕ್ಕೊಳಗಾದವರು. 1942ರಲ್ಲಿ ಅವರು ಭೂಗತರಾಗಿ ಮುಂಬಯಿಯಲ್ಲಿದ್ದರು. ಅವರೂ ಅಚ್ಯುತರಾವ್ ಪಟವರ್ಧನರೂ ಪ್ರಸಾರಕ್ಕೆ ಭಾಷಣಗಳನ್ನು ಸಿದ್ಧಪಡಿಸುತ್ತಿದ್ದರು. ಕಾಂಗ್ರೆಸ್ಸಿನ ಗುಪ್ತ ಕಚೇರಿಗೆ ದೇಶದ ನಾನಾ ಭಾಗಗಳಿಂದ ಆಳುಗಳು ಹೊತ್ತು ತರುತ್ತಿದ್ದ ವರ್ತಮಾನ ಇವರ ಕೈ ಸೇರುತ್ತಿತ್ತು. ಚಿತ್ತಗಾಂಗಿನ ಮೇಲೆ ಬಾಂಬ್ ಬಿದ್ದದ್ದು, ಜಮ್‌ಶೇದ್‌ಪುರದ ಕಾರ್ಮಿಕರ ಮುಷ್ಕರ, ಬಲಿಯಾದಲ್ಲಿ ಜನರೇ ಆಡಳಿತ ಕೈಗೆತ್ತಿಕೊಂಡದ್ದು, ಅಷ್ಟಿ-ಚಿಮೂರಿನಲ್ಲಿ ನಡೆದ ದೌರ್ಜನ್ಯ, ಇವೆಲ್ಲವನ್ನೂ ಪತ್ರಿಕೆಗಳು ಅಚ್ಚು ಹಾಕಲು ಅಂಜುತ್ತಿದ್ದ ಹೊತ್ತಿನಲ್ಲಿ ಈ ಬಾನುಲಿ ಹೇಳಿತು.

ಉದ್ಘೋಷಕರ ಕೆಲಸವೆಂದರೆ ಬರೆದುಕೊಟ್ಟದ್ದನ್ನು ಓದುವುದಷ್ಟೇ ಎಂದು ತಿಳಿದವರು ಈಗಲೂ ಇದ್ದಾರೆ. ಉಷಾ ಅವರ ದಿನಚರಿ ನೋಡಿದರೆ ಆ ಭಾವನೆ ಉಳಿಯದು. ಸುದ್ದಿ ಸಂಗ್ರಹಿಸಬೇಕು, ಧ್ವನಿಮುದ್ರಣ ನಡೆಯುತ್ತಿದ್ದ ಬೇರೊಂದು ಸ್ಥಳಕ್ಕೆ ಹೋಗಿ ಕಾರ್ಯಕ್ರಮ ಸಿದ್ಧಪಡಿಸಬೇಕು, ಅಲ್ಲಿಂದ ತಟ್ಟೆಗಳನ್ನು ಹೊತ್ತು ಪ್ರಸಾರದ ಜಾಗಕ್ಕೆ ಬರಬೇಕು, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿಯುದ್ದಕ್ಕೂ ಗಮನಿಸಬೇಕು. ಇಷ್ಟಾದ ಮೇಲೆ ಮೈಕಿನ ಮುಂದೆ ಕುಳಿತಾಗ ದನಿಯಲ್ಲಿ ಅವಸರವಾಗಲಿ ಅಂಜಿಕೆಯಾಗಲಿ ಕೇಳಬಾರದು. ಕೇಳುವವನು ಎಲ್ಲೋ ದೂರದಲ್ಲಿ ಕದ ಮುಚ್ಚಿ ಸದ್ದು ತಗ್ಗಿಸಿ ಕುಳಿತಿರುತ್ತಾನೆ. ಹೇಳುವವರ ದನಿ ನಡುಗಿದರೆ ಅವನಿಗೆ ಧೈರ್ಯ ಎಲ್ಲಿಂದ ಬಂದೀತು?

ಬಾನುಲಿಯ ಅಲೆಗಳದೊಂದು ತೊಂದರೆ. ಅವು ಕೇಳುಗನಿಗೆ ತಲಪುವಂತೆಯೇ ಪೊಲೀಸರಿಗೂ ತಲಪುತ್ತವೆ. ಅಲೆ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಹುಡುಕುವ ಯಂತ್ರವನ್ನು ವಾಹನದಲ್ಲಿಟ್ಟು ಬೀದಿ ಬೀದಿ ಸುತ್ತಿದರೆ ಕಟ್ಟಡದ ಹತ್ತಿರದವರೆಗೂ ಬರಬಹುದು. ಒಂದೇ ಕಡೆ ಹೆಚ್ಚು ದಿನ ಇದ್ದಷ್ಟೂ ಸಿಕ್ಕಿಬೀಳುವ ಸಂಭವ ಹೆಚ್ಚು. ಆದ್ದರಿಂದ ಬಾನುಲಿ ಅಲೆಮಾರಿಯಾಯಿತು. ಚೌಪಾಟಿಯಿಂದ ಲ್ಯಾಬರ್ನಮ್ ರೋಡಿನ ಅಜಿತ್ ವಿಲ್ಲಾ, ಸ್ಯಾಂಡ್‌ಹರ್ಸ್ಟ್ ರೋಡಿನ ಲಕ್ಷ್ಮೀ ಭವನ, ಗಿರ್ಗಾಂವಿನ ಪಾರೇಖ್ ವಾಡಿ, ಕೊನೆಗೆ ಮಹಾಲಕ್ಷ್ಮಿಯ ಪ್ಯಾರಡೈಸ್ ಬಂಗಲೆ. ಇಂದು ಬಸ್ಸಿನಲ್ಲಿ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ಮುಗಿಯುವ ದಾರಿ ಇದು. ಮುಂಬಯಿಯಲ್ಲಿ ಬಾಡಿಗೆ ಮನೆ ಬದಲಾಯಿಸಿ ಸಾಕಾದವರು ಬಹಳ ಜನ ಇದ್ದಾರೆ. ಆದರೆ ಗಂಟುಮೂಟೆಯೊಳಗೆ ಪ್ರಸಾರ ಯಂತ್ರವಿಟ್ಟುಕೊಂಡು, ಮನೆ ಮಾಲಕನಿಗೂ ನೆರೆಯವರಿಗೂ ಸುಳಿವು ಹತ್ತದಂತೆ ಇಷ್ಟು ಬಾರಿ ಬಿಡಾರ ಬದಲಾಯಿಸಿದವರು ವಿರಳ. ಸರಕಾರ ಈ ಪ್ರಸಾರ ಕೇಳಿಸದಂತೆ ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸಲೂ ನೋಡಿತು.

ಎರಡೂವರೆ ತಿಂಗಳು ಹೀಗೆ ನಡೆಯಿತು.

ನವೆಂಬರ್ 12ರಂದು ತಂಡದ ತಂತ್ರಜ್ಞನೊಬ್ಬ ಪೊಲೀಸರ ಕೈಗೆ ಸಿಕ್ಕಿ ಬಾಯಿ ಬಿಟ್ಟ. ಅವನನ್ನು ದ್ರೋಹಿ ಎಂದು ಬರೆದು ಮುಗಿಸಿದವರು ಹಲವರು. ಯುದ್ಧಕಾಲದ ಪೊಲೀಸ್ ಕೋಣೆಯಲ್ಲಿ ಒಬ್ಬನೇ ಕುಳಿತವನ ಸ್ಥಿತಿಯನ್ನೂ ಯೋಚಿಸಬೇಕಾಗುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ಕುಳಿತು ಬಾಯಿ ಬಿಡದವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ. ಬಾಬೂಭಾಯಿ ಅವರ ಕಚೇರಿಗೆ ಪೊಲೀಸರು ನುಗ್ಗಿದಾಗ ಉಷಾ ಅಲ್ಲೇ ಇದ್ದರು. ಹೇಗೋ ಜಾಗ್ರತೆಯಿಂದ ಹೊರಬಿದ್ದು ಲೋಹಿಯಾ ಮೊದಲಾದವರಿಗೆ ಎಚ್ಚರಿಕೆ ತಲಪಿಸಿದರು. ಅಷ್ಟಕ್ಕೇ ನಿಲ್ಲಿಸಿ ಎಲ್ಲಾದರೂ ಅಡಗಿಕೊಳ್ಳಬಹುದಿತ್ತು. ಅಂದಿನ ಕಾರ್ಯಕ್ರಮ ತಪ್ಪಬಾರದೆಂದು ಚಂದ್ರಕಾಂತ ಝವೇರಿ ಅವರೊಂದಿಗೆ ಮಹಾಲಕ್ಷ್ಮಿಯ ಬಂಗಲೆಗೆ ಹೋದರು. ಹೋದರೆ ಏನಾಗಬಹುದೆಂದು ಅರಿಯದವರೇನಲ್ಲ.

ಎಂದಿನಂತೆ ಆರಂಭದ ಗೀತೆ ಮುಗಿಯಿತು. ಸುದ್ದಿ ಮುಗಿಯಿತು. ಕೊನೆಯ ವಂದೇ ಮಾತರಂ ತಟ್ಟೆ ತಿರುಗುತ್ತಿದ್ದಾಗ ಬಾಗಿಲು ಬಡಿಯುವ ಸದ್ದು. ಒಂದರ ಹಿಂದೆ ಒಂದರಂತೆ ಬಾಗಿಲು ಮುರಿದು ಪೊಲೀಸ್ ಅಧಿಕಾರಿಗಳೂ ಮಿಲಿಟರಿಯ ತಂತ್ರಜ್ಞರೂ ಒಳನುಗ್ಗಿದರು. ತಟ್ಟೆ ನಿಲ್ಲಿಸಿ ಎಂದು ಆಜ್ಞೆಯಾಯಿತು. ಉಷಾ ನಿಲ್ಲಿಸಲಿಲ್ಲ. ಪೊಲೀಸರು ಯಂತ್ರವನ್ನೂ, ಕಾಂಗ್ರೆಸ್ ಅಧಿವೇಶನಗಳ ಚಿತ್ರ ಹಾಗೂ ಧ್ವನಿಚಿತ್ರಗಳಿದ್ದ 22 ಪೆಟ್ಟಿಗೆಗಳನ್ನೂ ವಶಪಡಿಸಿಕೊಂಡರು.

ಅಲ್ಲಿಂದಾಚೆಗೆ ಆರು ತಿಂಗಳು ವಿಚಾರಣೆ. ಅವರನ್ನು ಒಂಟಿಯಾಗಿ ಇರಿಸಿ ಗುಪ್ತಚರ ಪೊಲೀಸರು ದಿನದಿನವೂ ಪ್ರಶ್ನಿಸಿದರು. ಭಾಷಣ ಬರೆದವರು ಯಾರು, ದುಡ್ಡು ಕೊಟ್ಟವರು ಯಾರು, ಲೋಹಿಯಾ ಎಲ್ಲಿದ್ದಾರೆ? ಸಂಗಡಿಗರ ಹೆಸರು ಹೇಳಿದರೆ ವಿದೇಶದಲ್ಲಿ ಓದುವ ಅವಕಾಶ ಕಲ್ಪಿಸುವುದಾಗಿ ಆಮಿಷವನ್ನೂ ಒಡ್ಡಿದರು. ಓದು ಅರ್ಧಕ್ಕೆ ಬಿಟ್ಟ ಬುದ್ಧಿವಂತ ಹುಡುಗಿಗೆ ಯಾವುದು ನಾಟಬಹುದೆಂದು ಲೆಕ್ಕ ಹಾಕಿದವರು ಜಾಣರೇ. ಉಷಾ ಒಂದು ಮಾತೂ ಆಡಲಿಲ್ಲ.

ನ್ಯಾಯಾಲಯದಲ್ಲೂ ಅದೇ. ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲೇಬೇಕೆಂಬ ಕಡ್ಡಾಯವಿದೆಯೇ ಎಂದು ಅವರು ನ್ಯಾಯಾಧೀಶರಲ್ಲಿ ವಿಚಾರಿಸಿದರು. ಕಡ್ಡಾಯವಿಲ್ಲವೆಂದು ತಿಳಿದ ಮೇಲೆ ಯಾವ ಪ್ರಶ್ನೆಗೂ, ತನ್ನನ್ನು ಉಳಿಸಿಕೊಳ್ಳುವ ಸಲುವಾಗಿಯೂ ಉತ್ತರಿಸುವುದಿಲ್ಲವೆಂದು ತಿಳಿಸಿಬಿಟ್ಟರು. ಅರ್ಧಕ್ಕೆ ಬಿಟ್ಟಿದ್ದ ಕಾನೂನು ಓದು ಉಪಯೋಗಕ್ಕೆ ಬಂದದ್ದು ಹೀಗಿರಬಹುದು. ಸಾವಿರಾರು ಮಂದಿಗೆ ಕೇಳಲೆಂದೇ ಎತ್ತಿದ ದನಿಯನ್ನು ಅವರು ತಾವಾಗಿಯೇ ಮುಚ್ಚಿಟ್ಟರು. ಅವರ ಉದ್ಘೋಷಣೆಯ ದಿನಗಳಿಗಿಂತ ಈ ಮೌನದ ದಿನಗಳೇ ಹೆಚ್ಚು. ಅದರ ಫಲವೂ ಕಾಣಿಸಿತು: ಲೋಹಿಯಾ ಅವರು 1944ರ ಮೇ ತಿಂಗಳವರೆಗೆ ಪೊಲೀಸರಿಗೆ ಸಿಕ್ಕಲಿಲ್ಲ.

1943ರಲ್ಲಿ ತೀರ್ಪು ಬಂತು. ಬಾಬೂಭಾಯಿ ಅವರಿಗೆ ಐದು ವರ್ಷ, ಉಷಾ ಅವರಿಗೆ ನಾಲ್ಕು ವರ್ಷ, ಚಂದ್ರಕಾಂತ ಅವರಿಗೆ ಒಂದು ವರ್ಷ ಸಜೆಯಾಯಿತು. ವಿಠ್ಠಲದಾಸ್ ಹಾಗೂ ಮೋಟ್ವಾನೆ ಬಿಡುಗಡೆ ಹೊಂದಿದರು. ಉಷಾ ಅವರನ್ನು ಪುಣೆಯ ಯೆರವಡಾ ಜೈಲಿಗೆ ಕಳುಹಿಸಲಾಯಿತು. ಅಲ್ಲಿ ಆರೋಗ್ಯ ಕೆಟ್ಟು ಮುಂಬಯಿಯ ಜೆ. ಜೆ. ಆಸ್ಪತ್ರೆಗೆ ತಂದಾಗ ಹಾಸಿಗೆಯ ಸುತ್ತ ಹಗಲಿರುಳು ಪೊಲೀಸ್ ಕಾವಲು. ಚೇತರಿಸಿಕೊಂಡ ಮೇಲೆ ಮರಳಿ ಯೆರವಡಾ. 1946ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಮತ್ತೆ ಬಂದಾಗ ಗೃಹ ಖಾತೆಯ ಮೊರಾರ್ಜಿ ದೇಸಾಯಿ ಅವರ ಆಜ್ಞೆಯಂತೆ ಬಿಡುಗಡೆಯಾಯಿತು. ಪ್ರಾಂತದಲ್ಲಿ ಮೊದಲಿಗೆ ಬಿಡುಗಡೆ ಹೊಂದಿದ ರಾಜಕೀಯ ಕೈದಿ ಅವರು ಎಂಬುದು ಉಲ್ಲೇಖನೀಯ.

ಜೈಲು ಅವರ ದೇಹವನ್ನು ಹಣ್ಣು ಮಾಡಿತ್ತು. 1947ರ ಆಗಸ್ಟ್‌ನಲ್ಲಿ ದಿಲ್ಲಿಯಲ್ಲಿ ಸ್ವಾತಂತ್ರ್ಯದ ಸಮಾರಂಭ ನಡೆಯುವಾಗ ಅನಾರೋಗ್ಯದಿಂದ ಹಾಸಿಗೆ ಹಿಡಿದಿದ್ದ ಅವರಿಗೆ ಹೋಗಲಾಗಲಿಲ್ಲ. ಅವರ ದನಿ ಯಾವ ದಿನಕ್ಕಾಗಿ ಕೂಗಿತ್ತೋ ಆ ದಿನ ಅವರು ಸಭೆಯಲ್ಲಿರಲಿಲ್ಲ.

ಸ್ವತಂತ್ರ ಭಾರತದಲ್ಲಿ ಅವರು ಅಧಿಕಾರದತ್ತ ಹೋಗಲಿಲ್ಲ, ಮತ್ತೆ ಓದಿಗೆ ಮರಳಿದರು. ಗಾಂಧೀಜಿಯವರ ರಾಜಕೀಯ ಹಾಗೂ ಸಾಮಾಜಿಕ ಚಿಂತನೆಯ ಮೇಲೆ ಮಹಾಪ್ರಬಂಧ ಬರೆದು ಮುಂಬಯಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ತಾವು ಕಲಿತ ವಿಲ್ಸನ್ ಕಾಲೇಜಿನಲ್ಲೇ ದೀರ್ಘಕಾಲ ಪಾಠ ಹೇಳಿದರು. ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯೂ ಆಗಿ 1980ರಲ್ಲಿ ನಿವೃತ್ತರಾದರು. ಗುಜರಾತಿಯಲ್ಲೂ ಇಂಗ್ಲಿಷಿನಲ್ಲೂ ಲೇಖನ, ಪುಸ್ತಕಗಳನ್ನು ಬರೆದರು. ಮದುವೆಯಾಗಲಿಲ್ಲ. ಖಾದಿ ಸೀರೆ, ಮಿತ ಆಹಾರ, ನಸುಕಿನಲ್ಲೆದ್ದು ರಾತ್ರಿಯವರೆಗೂ ಕೆಲಸ, ಇಷ್ಟೇ ಬದುಕು.

ಲ್ಯಾಬರ್ನಮ್ ರೋಡಿನಲ್ಲಿರುವ ಗಾಂಧೀಜಿಯವರ ಮಣಿ ಭವನಕ್ಕೆ ಊರಿನಿಂದ ಬಂದ ನೆಂಟರನ್ನು ಕರೆದೊಯ್ಯದ ಮುಂಬಯಿ ಕನ್ನಡಿಗರು ಕಡಿಮೆ. ಆ ಸಂಗ್ರಹಾಲಯದ ಅಧ್ಯಕ್ಷೆಯಾಗಿ ಉಷಾ ಅವರು ವರ್ಷಾನುಗಟ್ಟಲೆ ದುಡಿದರು. ಪೊಲೀಸರ ಕಣ್ಣು ತಪ್ಪಿಸಿ ಅವರ ಬಾನುಲಿ ಬಿಡಾರ ಹೂಡಿದ್ದ ಅಜಿತ್ ವಿಲ್ಲಾ ಇದ್ದದ್ದು ಇದೇ ರಸ್ತೆಯಲ್ಲಿ. ಕಾಲೇಜು, ಕಡಲು, ಮೈದಾನ, ಮಣಿ ಭವನ ಎಲ್ಲವೂ ಹತ್ತಿರ ಹತ್ತಿರ. ಗುಜರಾತಿನ ಹಳ್ಳಿಯಿಂದ ಬಂದ ಹುಡುಗಿಯ ಇಡೀ ಸಾರ್ವಜನಿಕ ಜೀವನ ಮುಂಬಯಿಯ ಈ ಮೂಲೆಯಲ್ಲೇ ಕಳೆಯಿತು. ಹೊರಗಿನಿಂದ ಬಂದು ಈ ನಗರವನ್ನು ತನ್ನದಾಗಿಸಿಕೊಳ್ಳುವ ಬಗೆ ಇಲ್ಲಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

1998ರಲ್ಲಿ ಭಾರತ ಸರಕಾರ ಅವರಿಗೆ ಪದ್ಮವಿಭೂಷಣ ನೀಡಿ ಗೌರವಿಸಿತು. ಆದರೆ ಇಳಿವಯಸ್ಸಿನಲ್ಲಿ ಅವರ ಮನಸ್ಸಿನಲ್ಲಿ ಒಂದು ನೋವಿತ್ತು. ತಾವು ಹೋರಾಡಿದ್ದು ಇಂಥ ಸ್ವಾತಂತ್ರ್ಯಕ್ಕಲ್ಲ ಎಂದು, ಅಧಿಕಾರ ಜನರನ್ನು ಕೆಡಿಸೀತೆಂಬ ಅಂಜಿಕೆ ಮೊದಲೇ ಇದ್ದರೂ ಇಷ್ಟು ಬೇಗ ಕೆಡಿಸೀತೆಂದು ಎಣಿಸಿರಲಿಲ್ಲ ಎಂದು ಪತ್ರಿಕೆಯೊಂದರ ಸಂದರ್ಶನದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪ್ರಶಸ್ತಿ ಬಂತೆಂದು ಮಾತು ಮೃದುವಾಗಿಸುವ ಜಾಯಮಾನ ಅವರದಲ್ಲ.

ಅವರ ಬಾನುಲಿಯ ಕತೆ ಬಹುಕಾಲ ಇತಿಹಾಸದ ಪುಸ್ತಕಗಳಲ್ಲಿ ಎರಡು ಮೂರು ಸಾಲಿಗೆ ಸೀಮಿತವಾಗಿತ್ತು. ಮಣಿ ಭವನದಲ್ಲಿ ಅವರೊಂದಿಗೆ ಕೆಲಸ ಮಾಡಿದ್ದ ಉಷಾ ಠಕ್ಕರ್ ಅವರು ದಾಖಲೆಗಳನ್ನು ಹುಡುಕಿ ತೆಗೆದು ಕಾಂಗ್ರೆಸ್ ರೇಡಿಯೋ ಕುರಿತಾಗಿಯೇ ಬರೆದ ಪುಸ್ತಕ 2021ರಲ್ಲಿ ಹೊರಬಂತು. 2024ರಲ್ಲಿ ಹಿಂದಿಯಲ್ಲಿ ಏ ವತನ್ ಮೇರೆ ವತನ್ ಎಂಬ ಚಲನಚಿತ್ರವೂ ಬಂತು. ಸಿನಿಮಾ ಸಿನಿಮಾದಂತೆಯೇ ಇದೆ. ಹೆಸರು ಕೇಳಿರದ ಹೊಸ ಪೀಳಿಗೆಗೆ ಹೆಸರನ್ನಾದರೂ ತಲಪಿಸಿತು.

ಗೋವಾಲಿಯಾ ಟ್ಯಾಂಕ್ ಮೈದಾನಕ್ಕೆ ಆಗಸ್ಟ್ ಕ್ರಾಂತಿ ಮೈದಾನವೆಂದು ಹೆಸರು ಬಂದು ಎಷ್ಟೋ ವರ್ಷಗಳಾಗಿದ್ದವು. ಚಳವಳಿಯ ವಾರ್ಷಿಕ ದಿನದಂದು ಅಲ್ಲಿಗೆ ಹೋಗುವ ರೂಢಿಯನ್ನು ಉಷಾ ಅವರು ಇಟ್ಟುಕೊಂಡಿದ್ದರು. 2000ದ ಆಗಸ್ಟ್‌ನಲ್ಲಿ ಅವರಿಗೆ 80 ವರ್ಷ, ಮೈಯಲ್ಲಿ ಜ್ವರ. ಆದರೂ ಮೈದಾನಕ್ಕೆ ಹೋಗಿ ಬಂದರು. ದಣಿದು ಮನೆ ಸೇರಿದ ಅವರು ಎರಡು ದಿನಗಳ ನಂತರ, ಆಗಸ್ಟ್ 11ರಂದು, ನಿಧನ ಹೊಂದಿದರು.